ಪರದೆಗೆ ಹಿಡಿಸದ ಮೂರು ಸಾಲು

ಸೋಮವಾರ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿ ನೋಡಿದರೆ ಅಪ್ಪ ಸಣ್ಣಗಾಗಿಬಿಟ್ಟಿದ್ದರು.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಹೊರಟಾಗ ಚೆನ್ನಾಗಿಯೇ ಇದ್ದರು. ಸೈಕಲ್ಲಿಗೆ ಒರಗಿ, ಕೆನ್ನೆ ತುಂಬಿಕೊಂಡು, ಹೊಟ್ಟೆ ತುಂಬ ಉಂಡು ಎದ್ದವರ ಹಾಗೆ ನಗುತ್ತಿದ್ದರು. ಈಗ ಅದೇ ಸೈಕಲ್ಲು, ಅದೇ ನಗು. ಆದರೆ ಅಂಗಿಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎಂಬಂತೆ ಕಡ್ಡಿಯಾದ ಅಪ್ಪ. ಅವರ ಎಡಕ್ಕೂ ಬಲಕ್ಕೂ ತಿಳಿಹಸಿರು ಬಣ್ಣದ ಒಂದೊಂದು ಪಟ್ಟಿ.

ಅವಳು ಕುರ್ಚಿಯ ತುದಿಯಲ್ಲಿ ಕೂತೇ ಇದ್ದಳು. ಮೊದಲ ಪೇಷೆಂಟು ಬಂದು ಎರಡು ಸಲ ಕೆಮ್ಮಿದರು. "ಟೋಕನ್ ಕೊಡ್ತೀರಾ ಮೇಡಂ?"

ಅದೊಂದು ಹಲ್ಲಿನ ಕ್ಲಿನಿಕ್ಕು. ಒಂದು ಮೇಜು, ಒಂದು ಕಂಪ್ಯೂಟರು, ಎರಡು ಪಾಳಿ. ಬೆಳಗ್ಗೆ ಎಂಟರಿಂದ ಎರಡರವರೆಗೆ ಅವಳದು, ಎರಡರಿಂದ ಎಂಟರವರೆಗೆ ಅವನದು. ಬಂದು ಹೋಗುವವರಿಗೆ ಅವಳು ಬೆಳಗಿನ ಮೇಡಂ, ಅವನು ಮಧ್ಯಾಹ್ನದ ಸರ್. ಕಂಪ್ಯೂಟರಿನ ಪರದೆ ಗೋಡೆಯ ಕಡೆಗೆ ತಿರುಗಿತ್ತು. ಅದರಲ್ಲಿ ಏನಿದೆ ಎಂದು ನೋಡುವವರು ಅವರಿಬ್ಬರೇ.

ಮುಟ್ಟಿದವನು ಯಾರು ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ.

ಎರಡಕ್ಕೆ ಐದು ನಿಮಿಷ ಇರುವಾಗ ಅವನು ಎಂದಿನಂತೆ ಬಂದ. ಛತ್ರಿ ಮಡಚಿ ಮೂಲೆಯಲ್ಲಿಟ್ಟು, ಒದ್ದೆ ಕೈ ಒರೆಸಿಕೊಂಡು, "ಇವತ್ತು ರಶ್ ಇತ್ತಾ?" ಎಂದ.

"ಫೋಟೋ ಮುಟ್ಟಿದ್ದು ನೀವಾ?"

"ಹೌದು." ಅವನ ಮುಖದಲ್ಲಿ ಒಂದು ಪುಟ್ಟ ಹೆಮ್ಮೆ ಇಣುಕಿತು. "ಅಗಲಕ್ಕೆ ಎಳೆದುಕೊಂಡು ಹೋಗಿತ್ತು ಅಲ್ವಾ? ಸರಿ ಮಾಡ್ದೆ. ಪಕ್ಕದಲ್ಲಿ ಕಪ್ಪು ಪಟ್ಟಿ ಬರ್ತಿತ್ತು, ಚೆನ್ನಾಗಿ ಕಾಣ್ಲಿಲ್ಲ. ಅದಕ್ಕೆ ಅವರ ಅಂಗಿ ಬಣ್ಣವೇ ಹುಡುಕಿ ಹಾಕ್ದೆ."

"ಸರಿ ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಆದ್ರೆ ಅವರು ಹಾಗೆ ಇರ್ಲಿಲ್ಲ ಅನ್ಸುತ್ತೆ..."

"ಅವರು ಹೇಗಿದ್ರು ಅಂತ ನಿಮಗೇನ್ರೀ ಗೊತ್ತು?"

ಧ್ವನಿ ಅವಳು ಅಂದುಕೊಂಡದ್ದಕ್ಕಿಂತ ಮೇಲೇರಿತು. ಬೆಂಚಿನ ಮೇಲಿದ್ದವರು ತಲೆ ಎತ್ತಿದರು. ಅವಳು ಬ್ಯಾಗಿನ ಜಿಪ್ಪು ಎಳೆದಳು. ಅದು ಅರ್ಧಕ್ಕೇ ಸಿಕ್ಕಿಕೊಂಡಿತು.

"ನಾನು ಹಾಕಿದ್ದನ್ನ ಇನ್ಮೇಲೆ ಮುಟ್ಟಬೇಡಿ."

"ಮುಟ್ಟಲ್ಲ," ಎಂದ ಅವನು. ಹೆಮ್ಮೆಯೆಲ್ಲ ಇಳಿದುಹೋಗಿತ್ತು. "ಖಂಡಿತ ಮುಟ್ಟಲ್ಲ."

ಅಪ್ಪನನ್ನು ಮತ್ತೆ ದುಂಡಗೆ ಮಾಡುವುದು ಅವಳಿಗೆ ಗೊತ್ತಿರಲಿಲ್ಲ. ಮೊದಲ ಸಲ ಹಾಗೆ ಬಂದದ್ದೇ ಅವಳ ಪ್ರಯತ್ನವಿಲ್ಲದೆ. ಮರುದಿನ ಏನೋ ಒತ್ತಿದಳು, ಅಪ್ಪ ಅಂಚೆಚೀಟಿಯಷ್ಟಾಗಿ ಪರದೆಯ ನಡುವೆ ನಿಂತರು. ಇನ್ನೇನೋ ಒತ್ತಿದಳು, ಪರದೆಯ ತುಂಬ ಹನ್ನೆರಡು ಅಪ್ಪಂದಿರು, ಹನ್ನೆರಡು ಸೈಕಲ್ಲು. ಅಷ್ಟರಲ್ಲಿ ಹಲ್ಲು ಕೀಳಿಸಿಕೊಂಡ ಹೆಂಗಸೊಬ್ಬರು ಬಾಯಿಗೆ ಹತ್ತಿ ಕಚ್ಚಿಕೊಂಡು ಬಿಲ್ಲಿಗೆ ಬಂದು ನಿಂತರು. ಅಪ್ಪಂದಿರು ಹಾಗೆಯೇ ಉಳಿದರು.

ಮೂರು ದಿನ ಉಳಿದರು. ಅವನು ಕೊಟ್ಟ ಮಾತಿನಂತೆ ಮುಟ್ಟಲಿಲ್ಲ. ಪ್ರತಿ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಪರದೆ ನೋಡಿ, ನಗು ಬಾರದ ಹಾಗೆ ತುಟಿ ಬಿಗಿಹಿಡಿಯುವುದನ್ನು ಅವಳು ಬಾಗಿಲ ಗಾಜಿನಲ್ಲಿ ಕಂಡಳು. ಕೊನೆಗೆ ತಾನೇ ಸೋತಳು.

"ಒಂಚೂರು ನೋಡ್ತೀರಾ ಇದನ್ನ?"

"ನೋಡ್ತಾನೇ ಇದೀನಿ. ಜನ ಜಾಸ್ತಿ ಆಗಿದಾರೆ."

"ತಮಾಷೆ ಸಾಕು. ಸರಿ ಮಾಡ್ಕೊಡಿ."

"ಮುಟ್ಟಬೇಡಿ ಅಂದಿದೀರಿ." ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. "ಮೌಸ್ ನೀವೇ ಹಿಡೀರಿ. ನಾನು ಬಾಯಲ್ಲಿ ಹೇಳ್ತೀನಿ."

ಹೇಳಿಕೊಟ್ಟ. ಅವಸರವಿಲ್ಲದೆ, ಅವಳು ತಪ್ಪು ಒತ್ತಿದಾಗ ಉಸ್ಸೆನ್ನದೆ, ಬಿದ್ದರೂ ಮತ್ತೆ ಏಳುತ್ತದೆ ಎಂದು ಮಗುವನ್ನು ನಡೆಯಲು ಬಿಡುವವರ ಹಾಗೆ.

"ಪರದೆ ಒಂದು ಅಳತೆ, ಫೋಟೋ ಒಂದು ಅಳತೆ. ಹಾಸಿಗೆ ಒಂದು, ಚಾದರ ಇನ್ನೊಂದು ಅಂತಾರಲ್ಲ, ಹಾಗೆ. ಇದು ಫಿಟ್. ಪೂರ್ತಿ ಫೋಟೋ ಕಾಣುತ್ತೆ, ಪಕ್ಕದಲ್ಲಿ ಜಾಗ ಖಾಲಿ ಉಳಿಯುತ್ತೆ. ಇದು ಫಿಲ್. ಖಾಲಿ ಏನೂ ಉಳಿಯಲ್ಲ, ಆದ್ರೆ ಅಂಚಲ್ಲಿರೋದು ಕತ್ತರಿಸಿ ಹೋಗುತ್ತೆ. ಇದು ಸ್ಟ್ರೆಚ್. ಕತ್ತರಿಸೋದೂ ಇಲ್ಲ, ಖಾಲಿಯೂ ಇಲ್ಲ. ಇರೋದನ್ನೇ ಎಳೆಯುತ್ತೆ."

ಅವಳು ಸ್ಟ್ರೆಚ್ ಒತ್ತಿದಳು. ಅಪ್ಪನ ಕೆನ್ನೆ ತುಂಬಿಕೊಂಡಿತು.

ಅವಳು ಪರದೆಯನ್ನೇ ನೋಡುತ್ತ ಹೇಳಿದಳು. "ಇದು ಆಸ್ಪತ್ರೆಯಿಂದ ಬಂದ ಮೇಲೆ ತೆಗೆದ ಫೋಟೋ. ಸೈಕಲ್ ಓಡಿಸೋ ಶಕ್ತಿ ಇರ್ಲಿಲ್ಲ. ಸುಮ್ನೆ ಹಿಡ್ಕೊಂಡು ನಿಂತ್ಕೋತೀನಿ ಅಂದ್ರು. ಆಮೇಲೆ ಎರಡು ತಿಂಗಳೂ ಇರ್ಲಿಲ್ಲ. ಇಲ್ಲಿ ಹಾಕ್ದಾಗ ನೋಡಿದ್ರೆ ಮೈ ತುಂಬಿಕೊಂಡಿದ್ರು. ಅಮ್ಮ ಎಷ್ಟು ಮಾಡಿ ಹಾಕಿದ್ರೂ ಆಗದೇ ಇದ್ದಿದ್ದು ಇಲ್ಲಿ ಆಗಿತ್ತು. ಹಾಗಾಗಿ..."

ಅವನು ಬೆನ್ನ ಹಿಂದಿನ ಕೈ ಬಿಚ್ಚಿ, ಏನು ಮಾಡಬೇಕೆಂದು ತಿಳಿಯದೆ, ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅವಳ ಕಡೆಗೆ ಸರಿಸಿದ.

"ನಂಗೆ ಗೊತ್ತಿರ್ಲಿಲ್ಲ ರೀ."

"ನಾನೂ ಹೇಳಿರ್ಲಿಲ್ಲ."

"ಹೀಗೇ ಇರ್ಲಿ. ಚೆನ್ನಾಗಿ ಕಾಣ್ತಾರೆ." ಸ್ವಲ್ಪ ತಡೆದು ಸೇರಿಸಿದ, "ನಗೋವಾಗ ನೀವೂ ಹೀಗೇ ಎಡಗಣ್ಣು ಸಣ್ಣ ಮಾಡ್ತೀರಿ."

ಅವಳು ನಗುವುದನ್ನು ಅವನು ಯಾವಾಗ ಅಷ್ಟು ಸರಿಯಾಗಿ ನೋಡಿದ್ದ? ಮನೆಗೆ ನಡೆಯುವ ದಾರಿಯುದ್ದಕ್ಕೂ ಇದೇ ಒಂದು ಯೋಚನೆ.

ಎರಡು ವಾರ ಕಳೆದ ಮೇಲೆ ಅಪ್ಪನನ್ನು ಅವಳೇ ಇಳಿಸಿ, ತಾರಸಿಯ ಮೇಲೆ ಅರಳಿದ ಗುಲಾಬಿ ಹಾಕಿದಳು. ಮರುದಿನ ಬೆಳಗ್ಗೆ ಆ ಜಾಗದಲ್ಲಿ ಹೊಲಿಗೆ ಯಂತ್ರವೊಂದು ಇತ್ತು. ಅದರ ಮೇಲೆ ಬೆಕ್ಕು, ಬೆಕ್ಕಿನ ಕೊರಳಿಗೆ ಅಳತೆ ಟೇಪು. "ನಮ್ಮಮ್ಮನ ಅಸಿಸ್ಟೆಂಟು," ಎಂದ ಅವನು ಎರಡು ಗಂಟೆಗೆ. "ಕೆಲಸ ಕಮ್ಮಿ, ಸಿಟ್ಟು ಜಾಸ್ತಿ."

ಅಲ್ಲಿಂದ ಅದೊಂದು ರೂಢಿಯಾಯಿತು. ಒಂದು ದಿನ ಅವಳದು, ಒಂದು ದಿನ ಅವನದು. ಹಳೆಯದನ್ನು ತೆಗೆದು ಹೊಸದನ್ನು ಹಾಕಬಹುದು. ಆದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತಿದ್ದುವಂತಿಲ್ಲ. ಇದು ಅವನೇ ಮಾಡಿದ ಕಾನೂನು. ಒಮ್ಮೆ ಅವಳ ಅಕ್ಕನ ಮಗಳ ತಲೆ ಅರ್ಧ ಕತ್ತರಿಸಿಹೋದ ಫೋಟೋ ಇಡೀ ದಿನ ಪರದೆಯ ಮೇಲಿತ್ತು. "ಮಗು ಪಾಪ, ಜುಟ್ಟು ಕಟ್ಟಿಸ್ಕೊಂಡು ಕಷ್ಟಪಟ್ಟು ನಿಂತಿರಬೇಕು," ಎಂದನೇ ಹೊರತು ಮೌಸ್ ಮುಟ್ಟಲಿಲ್ಲ.

ಪಾಳಿ ಬದಲಾಗುವ ಹತ್ತು ನಿಮಿಷ ಹದಿನೈದಾಯಿತು. ಆಮೇಲೆ ಇಪ್ಪತ್ತು. ಒಳಗಿನಿಂದ ನರ್ಸಕ್ಕ ಕೂಗುತ್ತಿದ್ದಳು, "ಬೆಳಗು ಮುಗೀತೋ, ಮಧ್ಯಾಹ್ನ ಶುರುವಾಯ್ತೋ? ಟೈಮೇ ಗೊತ್ತಾಗ್ತಿಲ್ಲಪ್ಪ ಈ ಕ್ಲಿನಿಕ್ಕಲ್ಲಿ!"

ಮನೆಯಲ್ಲಿ ಅಕ್ಕನಿಗೂ ವಾಸನೆ ಬಡಿದಿತ್ತು. ಅವಳು ಎರಡು ಬೀದಿ ಆಚೆಗಿನ ಮನೆಯಿಂದ ಭಾನುವಾರ ಬಂದು ಕಾಲು ಚಾಚಿ ಕೂತರೆ, "ನಿನ್ನ ಮಧ್ಯಾಹ್ನ ಹೇಗಿದಾರೆ?" ಎಂದೇ ಮಾತು ತೆಗೆಯುವುದು.

"ಯಾರ ಮಧ್ಯಾಹ್ನವೂ ಅಲ್ಲ, ಸುಮ್ನಿರು."

"ಹಾಗಾದ್ರೆ ಕಿವಿ ಯಾಕೆ ಕೆಂಪಗಾಯ್ತು?"

ಅಮ್ಮ ಸೊಪ್ಪು ಬಿಡಿಸುತ್ತ ತಲೆ ತಗ್ಗಿಸಿ ನಗುತ್ತಿದ್ದರು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ನಗುವಿಗೆ ಕಾರಣಗಳು ಹೆಚ್ಚು ಇರಲಿಲ್ಲ. ಸಿಕ್ಕ ಒಂದನ್ನು ಕೆದಕಿ ಕೆಡಿಸುವುದು ಬೇಡವೆಂದು ಅವರು ಏನೂ ಕೇಳಲಿಲ್ಲ.

ಒಂದು ಶುಕ್ರವಾರ ಅವನು ಛತ್ರಿ ಮಡಚದೆ ಬಾಗಿಲಲ್ಲೇ ನಿಂತ.

"ಡಾಕ್ಟರಮ್ಮ ಬೇರೆ ಊರಲ್ಲಿ ಇನ್ನೊಂದು ಕ್ಲಿನಿಕ್ ತೆಗೀತಿದಾರೆ. ಬಸ್ಸಲ್ಲಿ ಐದು ಗಂಟೆ. ಅಲ್ಲಿಗೆ ನನ್ನನ್ನ ಮ್ಯಾನೇಜರ್ ಮಾಡ್ತಾರಂತೆ. ನಾಳೆ ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೂಂ ಅಂದ್ರೆ ಸೋಮವಾರವೇ ಹೊರಡಬೇಕು."

ಅವಳ ಕೈಯಲ್ಲಿದ್ದ ಟೋಕನ್‌ಗಳು ಒಂದರ ಮೇಲೊಂದು ಕೂರುತ್ತಲೇ ಇದ್ದವು.

"ನೀವೇನಂತೀರಿ?" ಎಂದು ಅವನು ಕೇಳಿದ.

ಕೇಳಿದ ರೀತಿಯಲ್ಲಿ ಎಲ್ಲವೂ ಇತ್ತು. ಅವಳು ಬಾಯಿ ತೆರೆದಳು. ಬೆಂಚಿನ ಮೇಲಿನ ಏಳು ಜನ, ಹಲ್ಲುನೋವು ಮರೆತು, ಇತ್ತಲೇ ನೋಡುತ್ತಿದ್ದರು.

"ನಾಳೆ ಹೇಳ್ತೀನಿ," ಎಂದು ಹೊರಟುಬಂದಳು.

ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ಬಾಯಲ್ಲಿ ಹೇಳಲಾಗದ್ದನ್ನು ಪರದೆಯ ಮೇಲೆ ಹಾಕಿದರಾಯಿತು. ಎರಡು ಗಂಟೆಗೆ ಅವನು ಕೂತ ಕೂಡಲೇ ಅದೇ ಕಾಣುತ್ತದೆ. ಶಾಲೆಯಲ್ಲಿ ಕಲಿಸಿದ ಹಾಗೆ ಮೇಲೆ ಧಾರಾಳ ಜಾಗ ಬಿಟ್ಟು, ಮೊದಲು ಮರ್ಯಾದೆಯ ಮಾತು ಬರೆದಳು. ಧೈರ್ಯ ಬರುವಷ್ಟರಲ್ಲಿ ಹಾಳೆಯ ಬುಡ ಬಂದಿತ್ತು. ಅಲ್ಲಿ ಮೂರು ಸಾಲು ಬರೆದು, ಹಾಳೆಯ ಫೋಟೋ ತೆಗೆದುಕೊಂಡಳು.

ಶನಿವಾರ ಪೇಷೆಂಟುಗಳ ಜಾತ್ರೆ. ಪರದೆಯ ತುಂಬ ಬಿಲ್ಲಿನ ಕಿಟಕಿಗಳು ತೆರೆದಿದ್ದವು. ಒಂದೂ ಐವತ್ತಕ್ಕೆ, ಫೋಟೋವನ್ನು ಫೋನಿನಿಂದ ಇಳಿಸಿ, ಅದರ ಹೆಸರಿನ ಮೇಲೆ ಒತ್ತಿ, ವಾಲ್‌ಪೇಪರ್ ಮಾಡಿದಳು. ಬಿಲ್ಲುಗಳ ಹಿಂದೆ ಅದು ಹೇಗೆ ಕೂತಿತೆಂದು ನೋಡುವ ವ್ಯವಧಾನವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಅವನು ಬಾಗಿಲು ತಳ್ಳಿ ಬರುತ್ತಿದ್ದಂತೆ, "ಉತ್ತರ ಪರದೆ ಮೇಲಿದೆ" ಎಂದವಳೇ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದಳು.

ಭಾನುವಾರ ಫೋನು ಅವಳ ಜೊತೆ ಎಲ್ಲ ಕಡೆಗೂ ಹೋಯಿತು. ಬಟ್ಟೆ ಒಗೆಯುವಾಗ ಕಿಟಕಿಯ ಮೇಲೆ, ಅನ್ನ ಬಸಿಯುವಾಗ ಸಕ್ಕರೆ ಡಬ್ಬದ ಮೇಲೆ. ಎರಡು ಸಲ ಬಡಿದುಕೊಂಡಿತು. ಒಂದು ಸಾಲದ ಕಂಪನಿ, ಇನ್ನೊಂದು ಪಕ್ಕದ ಕೋಣೆಯಿಂದ ಕೀಟಲೆಗೆ ಮಾಡಿದ ಅಕ್ಕ. ಎರಡನೆಯದಕ್ಕೆ ಅವಳು ಅತ್ತೇಬಿಟ್ಟಳು. ಅಕ್ಕ ಓಡಿಬಂದು ತಬ್ಬಿಕೊಂಡು, "ಏ ಹುಚ್ಚಿ, ಇಷ್ಟೊಂದು ಅಂತ ನಂಗೇನು ಗೊತ್ತು?" ಎಂದು ತಾನೂ ಕಣ್ಣು ಒರೆಸಿಕೊಂಡಳು.

ಕತ್ತಲಾಗುವ ಹೊತ್ತಿಗೆ ಅವಳು ತನಗೆ ತಾನೇ ಹೇಳಿಕೊಂಡಳು: ಕೇಳಿದ್ದಾಯಿತು, ಉತ್ತರ ಬಂದಾಯಿತು. ಬಾರದೆ ಇರುವುದೂ ಉತ್ತರವೇ.

ಸೋಮವಾರ ಬೆಳಗ್ಗೆ ಬೆಂಚಿನವರಿಗೆಲ್ಲ ಟೋಕನ್ ಹಂಚಿದ ಮೇಲೆಯೇ ಕಂಪ್ಯೂಟರ್ ಆನ್ ಮಾಡಿದಳು. ಬಿಲ್ಲಿನ ಕಿಟಕಿ ತೆರೆಯಲು ಹೋದ ಕೈ ಅಲ್ಲೇ ನಿಂತಿತು.

ಪರದೆಯ ಮೇಲೆ ಅವಳದೇ ದುಂಡು ಅಕ್ಷರ.

"ಅಲ್ಲಿ ಇಡೀ ಕ್ಲಿನಿಕ್ ನಿಮ್ಮ ಕೈಯಲ್ಲಿರುತ್ತೆ. ನಿಮ್ಮಂಥವರಿಗೆ ಸಿಗಲೇಬೇಕಾದ ಕೆಲಸ ಅದು. ಇಲ್ಲಿಯದು ಹೇಗೋ ನಡೆಯುತ್ತೆ. ಹೋಗುವುದಾದರೆ ಖುಷಿಯಾಗಿ ಹೋಗಿ."

ಅಷ್ಟೇ. ಅದರ ಕೆಳಗೆ ಪರದೆ ಮುಗಿದಿತ್ತು.

ಹಿಂದಿನ ಸಲ ಬಟ್ಟೆ ಒಣಗುವ ತಾರಸಿಯ ಅಗಲವಾದ ಫೋಟೋ ಹಾಕುವಾಗ ಅವಳು ಫಿಲ್ ಒತ್ತಿದ್ದಳು. ಕಂಪ್ಯೂಟರು ಅದನ್ನೇ ನೆನಪಿಟ್ಟುಕೊಂಡು, ಉದ್ದನೆಯ ಹಾಳೆಯನ್ನು ಪರದೆಗೆ ತುಂಬಿಸಿ, ಮೇಲಿನ ಖಾಲಿ ಜಾಗವನ್ನೂ ಬುಡದ ಮೂರು ಸಾಲನ್ನೂ ಹೊರಗೆ ದೂಡಿತ್ತು. ಉಳಿದದ್ದು ಎಷ್ಟು ಅಚ್ಚುಕಟ್ಟಾಗಿ ಮುಗಿದಿತ್ತೆಂದರೆ, ಇನ್ನೇನಾದರೂ ಇರಬಹುದೆಂಬ ಅನುಮಾನವೇ ಯಾರಿಗೂ ಬರುವಂತಿರಲಿಲ್ಲ. ಬಂದರೂ ಅವನು ಮುಟ್ಟುತ್ತಿರಲಿಲ್ಲ.

ಪಕ್ಕದಲ್ಲಿ ಹೊಸದೊಂದು ಫೈಲು. ಹೆಸರು "ಬೆಳಗಿನ ಮೇಡಂಗೆ".

"ನಿಮ್ಮ ಉತ್ತರ ಓದಿದೆ. ಬೇರೆ ಥರ ಇರಬಹುದೇನೋ ಅಂತ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಡಾಕ್ಟರಮ್ಮನಿಗೆ ಹೂಂ ಅಂದಿದೀನಿ. ಸೋಮವಾರ ಎಂಟೂವರೆ ಬಸ್ಸು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಹಿಂದಿನ ಮುಚ್ಚಳ ತೆಗೀರಿ, ಮುಂದಿನಿಂದ ಎಳೀಬೇಡಿ, ಬೆರಳಿಗೆ ತಾಗುತ್ತೆ."

ಗೋಡೆಯ ಗಡಿಯಾರದಲ್ಲಿ ಎಂಟೂ ಮೂವತ್ತೈದು.

ಬೆಂಚು ತುಂಬಿತ್ತು. ಮುಂದಿನ ಸಾಲಿನಲ್ಲಿ ಕೆನ್ನೆ ಊದಿದ ತಾತ ಟವೆಲಿನಿಂದ ದವಡೆ ಕಟ್ಟಿಕೊಂಡು ಕೂತಿದ್ದರು. ಅವಳು ಯಾರನ್ನೂ ನೋಡಲಿಲ್ಲ. ಫೋನ್ ಮಾಡಿದಳು.

"ಹಲೋ?" ಹಿಂದೆ ಇಂಜಿನ್ನಿನ ಗುರುಗುರು.

"ನಾನು," ಎಂದಳು ಮೆಲ್ಲಗೆ. "ಆ ಕಾಗದ ಅಷ್ಟೇ ಅಲ್ಲ."

"ಏನು? ಕೇಳಿಸ್ತಿಲ್ಲ. ಬಸ್ಸು ಇನ್ನೂ ಹೊರಟಿಲ್ಲ, ಇಂಜಿನ್ ಪಕ್ಕದ ಸೀಟು. ಜೋರಾಗಿ ಹೇಳಿ!"

"ಕಾಗದದಲ್ಲಿ ಇನ್ನೂ ಇತ್ತು! ಕೆಳಗಡೆ! ಕತ್ತರಿಸಿ ಹೋಗಿದೆ!"

ಬೆಂಚಿನವರೆಲ್ಲ ನೆಟ್ಟಗಾದರು. ಒಳಗೆ ಗುಂಯ್ ಎನ್ನುತ್ತಿದ್ದ ಯಂತ್ರ ನಿಂತಿತು.

"ಇನ್ನೂ ಏನಿತ್ತು?" ಎಂದ ಅವನು. ಧ್ವನಿ ಬದಲಾಗಿತ್ತು.

ಅವಳು ಫೋಟೋ ತೆರೆದಳು. ಬುಡಕ್ಕೆ ಸರಿಸಿದಳು. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ, ಎಲ್ಲ ಬಾಯಿಪಾಠವಾಗಿತ್ತು.

"ಇದು ಜೊತೆಗೆ ಕೆಲಸ ಮಾಡೋಳ ಮಾತು, ನನ್ನ ಮಾತು ಬೇರೆ ಇದೆ!" ಎಂದು ಮೊದಲ ಸಾಲು ಕೂಗಿದಳು. ಉಸಿರು ತೆಗೆದುಕೊಂಡಳು. "ಎರಡು ಗಂಟೆ ಆಗುತ್ತೆ ಅಂತಲೇ ನಾನು ಬೆಳಗ್ಗೆ ಏಳೋದು, ನೀವು ಹೋಗಬೇಡಿ!" ಮೂರನೆಯದಕ್ಕೆ ಧ್ವನಿ ಒಡೆಯಿತು. "ನಿಮಗೂ ಹಾಗೇ ಅನ್ನಿಸಿದ್ರೆ, ಭಾನುವಾರ ಫೋನ್ ಮಾಡಿ."

ಮುಂದಿನ ಸಾಲಿನ ತಾತ ಕಿವಿಯ ಮೇಲಿನ ಟವೆಲು ಸಡಿಲಿಸಿಕೊಂಡರು.

"ನೀವು... ನೀವು ಮುಟ್ಟಬೇಡಿ ಅಂದಿದ್ರಿ," ಎಂದ ಅವನು ಕೊನೆಗೆ.

"ಅಂದಿದ್ದೆ ರೀ! ಅಂದ ಮಾತನ್ನೆಲ್ಲ ಹೀಗೆ ಗಂಟು ಕಟ್ಟಿ ಇಟ್ಕೊಳ್ತಾರಾ ಯಾರಾದ್ರೂ?"

ಅವನು ನಕ್ಕ. "ಆ ಮಧ್ಯದ ಸಾಲು ಇನ್ನೊಂದ್ಸಲ ಹೇಳಿ."

"ಇಲ್ಲಿ ಹನ್ನೊಂದು ಜನ ಕೂತಿದಾರೆ!"

"ಇಲ್ಲಿ ನಲವತ್ತು ಜನ ಇದಾರೆ. ಆದ್ರೂ ಹೇಳ್ತೀನಿ, ಕೇಳಿ. ನಂಗೂ ಹಾಗೇ ಅನ್ಸಿದೆ! ಮೂರು ತಿಂಗಳಿಂದ ಅನ್ಸ್ತಿದೆ! ಒಂದೂ ಕಾಲಿಗೇ ಬಂದು ಎದುರುಗಡೆ ಅಂಗಡೀಲಿ ನಿಂತಿರ್ತೀನಿ, ಬೇಗ ಬಂದೆ ಅಂತ ಗೊತ್ತಾಗಬಾರ್ದು ಅಂತ!"

"ಸರ್," ಎಂದು ಹಿಂದಿನಿಂದ ಕಂಡಕ್ಟರಿನ ಧ್ವನಿ ಕೇಳಿತು, "ಇಳೀತೀರೋ, ಬರ್ತೀರೋ? ಒಂದು ಹೇಳಿ."

ಡಾಕ್ಟರಮ್ಮ ಗ್ಲೌಸು ಹಾಕಿದ ಕೈಯನ್ನು ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ನರ್ಸಕ್ಕ, ನರ್ಸಕ್ಕನ ಹಿಂದೆ ಬಾಯಿ ಜೋಮು ಹಿಡಿಸಿಕೊಂಡ ಪೇಷೆಂಟು.

"ಇಳೀಬೇಡ ಅಂತ ಹೇಳಮ್ಮ," ಎಂದರು ಡಾಕ್ಟರಮ್ಮ. "ಅಲ್ಲಿ ಬಾಗಿಲು ತೆಗೆಯೋ ದಿನ ನನ್ನ ಕೈ ಬಿಡೋದು ಬೇಡ. ಹದಿನೈದು ದಿನ ಇದ್ದು ಎಲ್ಲ ಸರಿ ಮಾಡಿಕೊಡ್ಲಿ. ಅಷ್ಟರಲ್ಲಿ ಬೇರೆಯವರನ್ನ ನೋಡ್ತೀನಿ. ಆಮೇಲೆ ಅವನ ಕುರ್ಚಿ ಅವನಿಗೇ." ತಿರುಗುವಾಗ ಗೊಣಗಿದರು, "ಶನಿವಾರ ಹೂಂ ಅಂದಾಗ್ಲೇ ಅಂದ್ಕೊಂಡೆ, ಪ್ರಮೋಷನ್ ಸಿಕ್ಕೋರ ಮುಖ ಹೀಗಿರಲ್ಲ ಅಂತ."

ಅವಳು ಫೋನಿಗೆ ಹೇಳಿದಳು. ಅತ್ತ ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು.

"ಹದಿನೈದು ದಿನ," ಎಂದ ಅವನು.

"ಹೂಂ."

"ಮಧ್ಯದಲ್ಲಿ ಭಾನುವಾರ ಬರುತ್ತೆ. ರಜೆ. ನಿಮ್ಮಮ್ಮ ಮನೇಲಿ ಇರ್ತಾರಾ?"

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು, ಗೋಡೆಯ ಕಡೆಗೆ ತಿರುಗಿ ನಿಂತಳು. ಬೆನ್ನ ಹಿಂದೆ ಯಾರೋ ಮೂಗು ಒರೆಸಿಕೊಂಡರು. "ನಂಗೇನೂ ಅವಸರ ಇಲ್ಲ," ಎಂದು ತಾತ ಟವೆಲಿನೊಳಗಿಂದ ಪಕ್ಕದವರಿಗೆ ಹೇಳುತ್ತಿದ್ದರು, "ಈ ಹಲ್ಲು ಎಲ್ಲಿಗೂ ಓಡಿಹೋಗಲ್ಲ."

"ಇರ್ತಾರೆ," ಎಂದಳು. "ಬರ್ತೀರಿ ಅಂದ್ರೆ ಅವರು ಮೊದಲು ಕೇಳೋದು, ಊಟಕ್ಕೆ ಎಷ್ಟು ಜನ ಅಂತ."

"ಇಬ್ಬರು ಅನ್ನಿ," ಎಂದ ಅವನು. "ನಮ್ಮಮ್ಮನೂ ಬರ್ತಾರೆ."